ಜಾಮೀನು ಅರ್ಜಿಯ ನಮೂನೆ

ಸೋಮವಾರ, 10 ಜೂನ್ 2024. ಧಾರವಾಡ

ಜುಲೈ 1ಕ್ಕೆ ಮೂರೂ ಹೊಸ ಕ್ರಿಮಿನಲ್ ಕಾಯ್ದೆಗಳು ಜಾರಿಗೆ ಬರುತ್ತವೆ. ಜಾಮೀನು ಅರ್ಜಿಯಲ್ಲಿ ಇಷ್ಟು ವರ್ಷ ಹಳೇ ದಂಡ ಪ್ರಕ್ರಿಯಾ ಸಂಹಿತೆಯ, ಅಂದರೆ ಸಿಆರ್‌ಪಿಸಿಯ, ಕಲಂ 439 ಎಂದು ಬರೆದ ಕಡೆ ಇನ್ನು ಹೊಸ ಸಂಹಿತೆ ಬಿಎನ್‌ಎಸ್‌ಎಸ್‌ನ 483. ನಿರೀಕ್ಷಣಾ ಜಾಮೀನಿಗೆ 438 ಹೋಗಿ 482. ನಮ್ಮ ವಕೀಲರ ಆಫೀಸಿನಲ್ಲಿ ಈ ಅರ್ಜಿಯ ನಮೂನೆ ಎಲ್ಲೆಲ್ಲಿದೆ ಎಂದು ಹುಡುಕಿದೆ. ಒಬ್ಬೊಬ್ಬರ ಕಂಪ್ಯೂಟರಿನಲ್ಲೂ ಒಂದೊಂದು ಬಗೆ. ಹೆಚ್ಚಿನವು ನಮೂನೆಗಳೇ ಅಲ್ಲ. ಹಳೇ ಕೇಸಿನ ಅರ್ಜಿ ತೆರೆದು, ಹೆಸರು ಅಳಿಸಿ, 'ಸೇವ್ ಆ್ಯಸ್' ಕೊಟ್ಟು ಕೆಲಸ ಸಾಗಿಸುತ್ತಾರೆ. ಹಿಂದಿನ ಕಕ್ಷಿದಾರರ ತಂದೆಯ ಹೆಸರು ಮತ್ತೊಬ್ಬರ ಅಫಿಡವಿಟ್‌ನಲ್ಲಿ ಉಳಿದುಬಿಡುವುದು ಹೀಗೆಯೇ. ಅದಕ್ಕೆ ಆಕ್ಷೇಪಣೆ ಬಿದ್ದರೆ ಜೈಲಿನಲ್ಲಿರುವವನ ಮನೆಯವರು ಮತ್ತಷ್ಟು ದಿನ ಕಾಯಬೇಕು.

ಮಂಗಳವಾರ, 11 ಜೂನ್

ಒಳ್ಳೆಯ ಮ್ಯಾಕ್ರೋಗಳೆಲ್ಲ ನಿವೃತ್ತರಾದ ಟೈಪಿಸ್ಟ್ ಅಕ್ಕನ ಕಂಪ್ಯೂಟರಿನಲ್ಲೇ ಇವೆ. ಪಕ್ಷಗಾರರ ಹೆಸರು, ವಯಸ್ಸು, ಊರು ಕೇಳಿ ಕಾಸ್ ಟೈಟಲ್ ತುಂಬುವುದು ಒಂದು. ಅನೆಕ್ಷರ್‌ಗಳಿಗೆ ಪುಟ ಹಾಕಿ ಇಂಡೆಕ್ಸ್ ಮಾಡುವುದು ಇನ್ನೊಂದು. ಎಲ್ಲವೂ ವರ್ಡ್‌ನ 'ನಾರ್ಮಲ್' ಟೆಂಪ್ಲೇಟಿನೊಳಗೆ ಕೂತಿವೆ. ಅದನ್ನೇ ಎಲ್ಲರಿಗೂ ಕಾಪಿ ಮಾಡೋಣ ಎಂದರು ಜೂನಿಯರ್ ವಕೀಲರು. ನಾನು ಒಪ್ಪಲಿಲ್ಲ. ನಾರ್ಮಲ್ ಎನ್ನುವುದು ಅವರವರ ಸ್ವಂತದ್ದು. ಅವರವರ ಶಾರ್ಟ್‌ಕಟ್, ಸ್ಟೈಲ್ ಎಲ್ಲ ಅದರಲ್ಲೇ ಇರುತ್ತವೆ. ಮೇಲೆ ಇನ್ನೊಂದನ್ನು ಹಾಕಿದರೆ ಅವೆಲ್ಲ ಹೋಗುತ್ತವೆ. 1999ರ ಮಾರ್ಚಿನಲ್ಲಿ ಹರಡಿದ ಮೆಲಿಸ್ಸಾ ವೈರಸ್ ಬೀಡುಬಿಟ್ಟದ್ದೂ ಈ ನಾರ್ಮಲ್‌ನಲ್ಲೇ.

ಆಲ್ಟ್ ಎಫ್11 ಒತ್ತಿ ಮ್ಯಾಕ್ರೋಗಳನ್ನು ಹೊಸದೊಂದು ಟೆಂಪ್ಲೇಟಿಗೆ ಎಳೆದು ಹಾಕಿದೆ. ಅಕ್ಕನಿಗೆ ಫೋನ್ ಮಾಡಿ ಕೇಳಿಯೇ ಮುಂದುವರಿದೆ. "ಕಲತು ಮಾಡೂದ್ರಾಗ ವರ್ಷಗಟ್ಟಲೆ ಹೋಗೇತ್ರಿ, ಎಲ್ಲಾರೂ ಬಳಸ್ರಿ" ಅಂದರು. ಸಂತೋಷವಾಯಿತು.

ಗುರುವಾರ, 13 ಜೂನ್

ಮಳೆ, ಕರೆಂಟ್ ಇಲ್ಲ. ಕೆಲಸ ಶುರುವಾದದ್ದೇ ಮಧ್ಯಾಹ್ನ.

ಸರ್ವರ್‌ನಲ್ಲಿ ಒಂದು ಫೋಲ್ಡರ್ ಮಾಡಿ, ಎಲ್ಲರಿಗೂ ಓದುವ ಅನುಮತಿ, ತಿದ್ದುವ ಅನುಮತಿ ನಾನೂ ಸೇರಿ ಇಬ್ಬರಿಗೆ ಮಾತ್ರ ಕೊಟ್ಟೆ. ಪ್ರತಿ ಕಂಪ್ಯೂಟರಿನಲ್ಲೂ ವರ್ಡ್‌ನ ಆಪ್ಷನ್ಸ್‌ಗೆ ಹೋಗಿ, 'ಅಡ್ವಾನ್ಸ್ಡ್' ಪುಟದ ಕೊನೆಯಲ್ಲಿ ಸಿಗುವ 'ಫೈಲ್ ಲೊಕೇಷನ್ಸ್'ನಲ್ಲಿ 'ವರ್ಕ್‌ಗ್ರೂಪ್ ಟೆಂಪ್ಲೇಟ್ಸ್' ಎಂಬಲ್ಲಿ ಆ ಫೋಲ್ಡರಿನ ದಾರಿ ತೋರಿಸಿದೆ. ಈಗ ಜಾಮೀನು, ವಕಾಲತ್ತು, ನೋಟಿಸು ಎಲ್ಲ ನಮೂನೆಗಳೂ ಎಲ್ಲರಿಗೂ ಒಂದೇ ಕಡೆಯಿಂದ ಬರುತ್ತವೆ. ನಮೂನೆಯಿಂದ ಹೊಸ ಕಡತ ಹುಟ್ಟುತ್ತದೆಯೇ ಹೊರತು ಮೂಲ ಕೆಡುವುದಿಲ್ಲ.

ಮ್ಯಾಕ್ರೋ ಟೆಂಪ್ಲೇಟಿನ ದಾರಿ ಬೇರೆ. ಸರ್ವರ್‌ನಿಂದಲೇ ನೇರ ಓಡಿಸಿದರೆ ಯಾರಾದರೊಬ್ಬರು ವರ್ಡ್ ತೆರೆದಿಟ್ಟಿರುವವರೆಗೂ ಅದು ಲಾಕ್ ಆಗಿರುತ್ತದೆ, ತಿದ್ದಲು ಬರುವುದಿಲ್ಲ. ಆದ್ದರಿಂದ ಬೆಳಿಗ್ಗೆ ಲಾಗಿನ್ ಆದೊಡನೆ ಅದರ ಪ್ರತಿ ಅವರವರ ವರ್ಡ್ ಸ್ಟಾರ್ಟಪ್ ಫೋಲ್ಡರಿಗೆ ಬಂದು ಬೀಳುವಂತೆ ಸಣ್ಣ ಬ್ಯಾಚ್ ಫೈಲ್ ಬರೆದೆ. ಸ್ಟಾರ್ಟಪ್ ಫೋಲ್ಡರ್ ವರ್ಡ್ ಮೊದಲಿನಿಂದಲೇ ನಂಬುವ ಜಾಗ. ಹಾಗಾಗಿ ಟ್ರಸ್ಟ್ ಸೆಂಟರಿನಲ್ಲಿ ನೆಟ್‌ವರ್ಕ್ ಜಾಗಗಳಿಗೆ ಅನುಮತಿ ಕೊಡುವ ಟಿಕ್ ಹಾಕಬೇಕಾಗಲಿಲ್ಲ, ಹಾಕದಿರುವುದೇ ಕ್ಷೇಮ.

ಕನ್ನಡ ಅಕ್ಷರದ ಗಾತ್ರವನ್ನು ಸ್ಟೈಲ್‌ನಲ್ಲಿ 'ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್' ಎಂಬಲ್ಲಿ ಬೇರೆಯಾಗಿಯೇ ಕೊಡಬೇಕು. ಇಲ್ಲದಿದ್ದರೆ ಇಂಗ್ಲಿಷ್ ದೊಡ್ಡದಾಗಿ ಕನ್ನಡ ಸಣ್ಣದಾಗಿ ಉಳಿಯುತ್ತದೆ.

ಸೋಮವಾರ, 1 ಜುಲೈ

ಕಾಯ್ದೆಗಳು ಜಾರಿಗೆ ಬಂದವು. ಬಾಕಿ ಇರುವ ಪ್ರಕರಣಗಳು ಹಳೇ ಸಂಹಿತೆಯಲ್ಲೇ ನಡೆಯುವುದರಿಂದ ಹಳೇ ನಮೂನೆಗಳನ್ನು ಅಳಿಸದೆ ಪಕ್ಕದ ಫೋಲ್ಡರಿನಲ್ಲಿ ಇಟ್ಟಿದ್ದೇನೆ. ನಿನ್ನೆ ಸಂಜೆ ನಮೂನೆಯೊಳಗೆ ಕಲಂ ತಿದ್ದಿದ್ದೆ. ಇವತ್ತು ಎಲ್ಲರ ಟೇಬಲ್ಲಿನಿಂದಲೂ 483 ಎಂದೇ ಅರ್ಜಿ ಬಂತು.

ನೋಟಿಸ್ ಬೋರ್ಡಿಗೆ ಇಷ್ಟು ಬರೆದು ಹಾಕಿದೆ: ನಮೂನೆಗಳನ್ನು ಯಾರೂ ತಮ್ಮ ಡೆಸ್ಕ್‌ಟಾಪಿಗೆ ಕಾಪಿ ಮಾಡಿಕೊಳ್ಳಬೇಡಿ. ತಪ್ಪು ಕಂಡರೆ ದಯವಿಟ್ಟು ಅದೇ ದಿನ ನಮ್ಮಿಬ್ಬರಲ್ಲಿ ಒಬ್ಬರಿಗೆ ಹೇಳಿ, ಅಲ್ಲೇ ತಿದ್ದುತ್ತೇವೆ.