ಮೂರನೆಯ ರಂಧ್ರದ ರಿಷಭ

ಐವತ್ತು ದಾಟಿದ ಮೇಲೆ ಮೌತ್ ಆರ್ಗನ್ ಕಲಿಯಹೊರಟೆವೆಂದು ಕೇಳಿ ವಾಚಕರು ನಕ್ಕರೆ ನಮಗೆ ಬೇಸರವಿಲ್ಲ. ನಮ್ಮ ಮನೆಯವರು ಆ ಕಾರ್ಯವನ್ನು ಆಗಲೇ ಸಾಂಗವಾಗಿ ನೆರವೇರಿಸಿದ್ದಾರೆ. ಹತ್ತು ರಂಧ್ರಗಳ, ಅಂಗೈಯಲ್ಲಿ ಅಡಗುವ ಈ ವಾದ್ಯವನ್ನು ಕೊಂಡಾಗ ನಮಗಿದ್ದುದು ಒಂದೇ ಆಸೆ. ನಮ್ಮ ತಾಯಿಯವರು ಸಂಜೆ ದೀಪ ಹಚ್ಚಿದೊಡನೆ ಮೋಹನರಾಗದಲ್ಲಿ ಹಾಡುತ್ತಿದ್ದರು. ಎಂಬತ್ತರ ಸಮೀಪಕ್ಕೆ ಬಂದ ಮೇಲೆ ಕಂಠವು ನಡುಗತೊಡಗಲು, “ಇನ್ನು ಸಾಕು” ಎಂದು ನಿಲ್ಲಿಸಿಬಿಟ್ಟರು. ಕಿವಿ ಮಾತ್ರ ಎಂದಿನಂತೆಯೇ ಇದೆ. ಅವರ ಶ್ರುತಿಯಲ್ಲಿಯೇ ಮೋಹನವನ್ನು ನುಡಿಸಿ ಕೇಳಿಸಬೇಕೆಂದುಕೊಂಡೆವು.

ತೊಡಕು ಬಂದುದು ಇಲ್ಲಿಯೇ. ಅವರ ಶ್ರುತಿ ಐದು, ಎಂದರೆ ಹಾರ್ಮೋನಿಯಮಿನ ಐದನೆಯ ಬಿಳಿಯ ಮನೆ. ನಮ್ಮ ವಾದ್ಯವೋ ಒಂದರ ಶ್ರುತಿಯದು. ಅದರ ಮೂರನೆಯ ರಂಧ್ರದಲ್ಲಿ ಊದಿದರೆ ಅವರ ಷಡ್ಜ; ಅಲ್ಲಿಯೇ ಉಸಿರನ್ನು ಒಳಕ್ಕೆಳೆದರೆ ಅಂತರ ಗಾಂಧಾರ. ನಾಲ್ಕರಲ್ಲಿ ಎಳೆದರೆ ಪಂಚಮ, ಐದರಲ್ಲಿ ಊದಿದರೆ ಧೈವತ, ಆರರಲ್ಲಿ ಮೇಲಿನ ಷಡ್ಜ. ಮೋಹನಕ್ಕೆ ಬೇಕಾದುದೆಲ್ಲವೂ ಇದೆ, ರಿಷಭವೊಂದನ್ನುಳಿದು! ಒಂದರ ಶ್ರುತಿಯಲ್ಲೇ ನುಡಿಸಿದರೆ ನಾಲ್ಕರಿಂದ ಏಳನೆಯ ರಂಧ್ರದೊಳಗೆ ಐದು ಸ್ವರಗಳೂ ನಿರಾಯಾಸವಾಗಿ ದೊರೆಯುತ್ತವೆ. ಹಾಗೆಂದು ಸೂಚಿಸಿದಾಗ ತಾಯಿಯವರು, “ಅದು ಗಂಡಸರ ಶ್ರುತಿಯಪ್ಪ, ನನ್ನದಲ್ಲ” ಎಂದುಬಿಟ್ಟರು.

ಹಾಗಾದರೆ ಇಲ್ಲದ ರಿಷಭವನ್ನು ಬಾಗಿಸಿ ತೆಗೆಯಬೇಕು. ಜರ್ಮನಿಯ ಟ್ರೋಸಿಂಗನ್ನಿನಲ್ಲಿ 1857ರಲ್ಲಿ ಈ ವಾದ್ಯಗಳನ್ನು ಮಾಡತೊಡಗಿದ ಹೋನರ್ ಎಂಬಾತನು ಇಂತಹ ಬಾಗನ್ನು ಎಣಿಸಿರಲಾರನು. ಆ ವಿದ್ಯೆಯನ್ನು ಬೆಳೆಸಿದವರು ಅಮೆರಿಕದ ದಕ್ಷಿಣ ಸೀಮೆಯ ಕಪ್ಪು ಜನರು. ಒಂದರ ವಾದ್ಯದಲ್ಲಿ ಐದರ ಶ್ರುತಿಯನ್ನು ಹಿಡಿಯುವುದೇ ಅವರ ಬ್ಲೂಸ್ ಸಂಗೀತದ ವಾಡಿಕೆಯೆಂದು ತಿಳಿದಾಗ, ನಮ್ಮ ತಾಯಿಯವರೂ ಲಿಟ್ಲ್ ವಾಲ್ಟರ್ ಎಂಬ ಶಿಕಾಗೋ ನಗರದ ವಾದಕನೂ ಒಂದೇ ಪಕ್ಷದವರಾದರಲ್ಲಾ ಎಂದು ನಗು ಬಂತು.

ಪ್ರತಿ ರಂಧ್ರಕ್ಕೂ ಎರಡು ಹಿತ್ತಾಳೆಯ ನಾಲಗೆಗಳು: ಊದುವುದಕ್ಕೊಂದು, ಎಳೆಯುವುದಕ್ಕೊಂದು. ಉಸಿರನ್ನೆಳೆಯುತ್ತ ಬಾಯಿಯೊಳಗಿನ ಅವಕಾಶವನ್ನು ಮಾರ್ಪಡಿಸಿದರೆ ಮೇಲಿನ ಸ್ವರದ ನಾಲಗೆ ಸೋಲುತ್ತ ಬರುವುದು, ಕೆಳಗಿನದು ದನಿಗೂಡುವುದು, ಅವೆರಡರ ನಡುವಣ ಸ್ವರಗಳು ಹೊರಡುವುವು. ಮೂರನೆಯ ರಂಧ್ರದಲ್ಲಿ ಇಂತಹವು ಮೂರು: ಸಾಧಾರಣ ಗಾಂಧಾರ, ಚತುಶ್ರುತಿ ರಿಷಭ, ಶುದ್ಧ ರಿಷಭ. ನಮಗೆ ಬೇಕಾದುದು ನಡುವಿನದು. ಮೆಟ್ಟಿಲಿಲ್ಲದ ಬಾವಿಗೆ ಇಳಿದು ಅರ್ಧದಲ್ಲಿ ನಿಂತಂತೆಯೇ ಸರಿ.

ಮೊದಲು ಬಲಪ್ರಯೋಗ ಮಾಡಿದೆವು. ಸ್ವರ ಕಟ್ಟಿಹೋಯಿತು, ಮನೆಯ ಬೆಕ್ಕು ಎದ್ದುಹೋಯಿತು. ಬೇಕಾದುದು ಬಲವಲ್ಲ, ಸಣ್ಣ ಉಸಿರನ್ನು ಬಿಡದೆ ‘ಈ’ಕಾರದಿಂದ ‘ಊ’ಕಾರಕ್ಕೆ ಹೋಗುವಂತೆ ನಾಲಗೆಯನ್ನು ಹಿಂದಕ್ಕೆ ಸರಿಸುವುದು ಎಂದು ತಿಳಿಯಲು ಮೂರು ವಾರ ಹಿಡಿಯಿತು. ಒಂದು ಬೆಳಿಗ್ಗೆ ಸ್ವರ ಬಾಗಿತು, ಬಾಗಿ ತಳವನ್ನೇ ಸೇರಿತು. ಒಳಗಿನಿಂದ ತಾಯಿಯವರ ದನಿ: “ಮೋಹನಕ್ಕೆಂದು ಹೊರಟು ಮಾಯಾಮಾಳವಗೌಳದ ಬಾಗಿಲಿಗೆ ಹೋದೆಯಲ್ಲಪ್ಪ!”

ಫೋನಿನಲ್ಲಿ ಶ್ರುತಿ ತೋರಿಸುವ ಮುಳ್ಳೊಂದುಂಟು. ಅದನ್ನು ನೋಡುತ್ತ ನುಡಿಸಿದರೆ ಮುಳ್ಳು ಸರಿಯಾದ ಸ್ಥಾನಕ್ಕೆ ಬರುವಷ್ಟರಲ್ಲಿ ಸ್ವರವು ಜಾರಿರುತ್ತಿತ್ತು. ತಾಯಿಯವರು ಅದನ್ನು ತೆಗೆದಿಡಿಸಿದರು. ಶ್ರುತಿಪೆಟ್ಟಿಗೆಯನ್ನು ಹಾಕಿಸಿ, “ಮೊದಲು ಬಾಯಲ್ಲಿ ಹಾಡು, ರಿಷಭ ನಿನ್ನೊಳಗೆ ನಿಲ್ಲದಿದ್ದರೆ ಅದರೊಳಗೆ ಹೇಗೆ ನಿಂತೀತು?” ಎಂದರು. ಹಾಡಿದ ಮೇಲೆ ನುಡಿಸಬೇಕು. ಮಂಚದ ಅಂಚಿನ ಮೇಲೆ ಅವರ ತೋರುಬೆರಳು: ಸ್ವರ ಕಡಿಮೆಯಾದರೆ ಮೇಲೇಳುವುದು, ಹೆಚ್ಚಾದರೆ ಇಳಿಯುವುದು. ಮಾತಿಲ್ಲ. ಗಾಂಧಾರದಿಂದ ಜಾರಿಕೊಂಡು ಬರುವುದಕ್ಕೂ ಅಪ್ಪಣೆಯಿಲ್ಲ. ಉಸಿರೆಳೆಯುವ ಮೊದಲೇ ನಾಲಗೆ ತನ್ನ ಎಡೆಯಲ್ಲಿದ್ದು, ಸ್ವರವು ನೇರವಾಗಿ ಬಂದು ಕೂರಬೇಕು. ಬಾಲ್ಯದಲ್ಲಿ ಅವರಿಂದ ಸರಳೆ ಕಲಿಯದೆ ಓಡಿಹೋದುದಕ್ಕೆ ಬಡ್ಡಿ ಸಹಿತ ತೆತ್ತೆವು.

ನಾಲ್ಕನೆಯ ತಿಂಗಳಿನಲ್ಲಿ, ಆಷಾಢದ ಒಂದು ಸಂಜೆ, ಹೊರಗೆ ಮಳೆ. ಷಡ್ಜದಿಂದ ರಿಷಭಕ್ಕೆ ಹೋದೆವು, ಬೆರಳು ಅಲುಗಲಿಲ್ಲ. ಗಾಂಧಾರ, ಪಂಚಮ, ಧೈವತ. ಮೇಲಿನ ಷಡ್ಜಕ್ಕೆ ನಾವು ಹೋಗುವಷ್ಟರಲ್ಲಿ ಅದು ಮಂಚದ ಕಡೆಯಿಂದ ಕೇಳಿಸಿತು. ಎಳೆಯಾಗಿತ್ತು, ನಡುಗುತ್ತಿತ್ತು, ಆದರೆ ಸ್ಥಾನ ತಪ್ಪಿರಲಿಲ್ಲ. ಅವರ ಮುಖವನ್ನು ನೋಡಲು ಧೈರ್ಯ ಸಾಲದೆ, ಮತ್ತೆ ಮೊದಲಿನಿಂದ ನುಡಿಸಿದೆವು.

ಮರುದಿನ ರಿಷಭವು ಕೂದಲೆಳೆಯಷ್ಟು ಕೆಳಗಿತ್ತು, ಬೆರಳು ಮೇಲೆದ್ದಿತು.