ಬಿಸ್ಕತ್ ಡಬ್ಬದ ಬಿಲ್ಲು

ನಮ್ಮ ಮನೆಯ ಗೋಡೆ ಕಪಾಟಿನ ಮೇಲಿನ ಖಾನೆಯಲ್ಲಿ ಒಂದು ಹಳೆಯ ಬಿಸ್ಕತ್ ಡಬ್ಬವಿದೆ. ಮೊಮ್ಮಕ್ಕಳೆಲ್ಲ ಚಿಕ್ಕವರಿದ್ದಾಗ ಒಮ್ಮೆಯಾದರೂ ಅದರ ಮುಚ್ಚಳ ತೆಗೆದು ಮುಖ ಸಣ್ಣ ಮಾಡಿಕೊಂಡವರೇ. ಯಾಕೆಂದರೆ ಅದರೊಳಗಿರುವುದು ಬಿಸ್ಕತ್ ಅಲ್ಲ, ನನ್ನ ಬಿಲ್ಲುಗಳು. ಮಿಕ್ಸಿಯದು, ಫ್ರಿಜ್ಜಿನದು, ತೋಟದ ಪಂಪಿನದು. ಮೊದಲ ಸಂಬಳದಲ್ಲಿ ಕೊಂಡ ಎಚ್‌ಎಂಟಿ ಕೈಗಡಿಯಾರದ ಗ್ಯಾರಂಟಿ ಕಾರ್ಡು ಕೂಡ ಅಂಗಡಿಯ ಮೊಹರಿನ ಸಮೇತ ಇದೆ. “ಗಡಿಯಾರ ನಿಂತು ಹತ್ತು ವರ್ಷವಾಯಿತು, ಕಾರ್ಡು ಮಾತ್ರ ಇನ್ನೂ ನಡೆಯುತ್ತಿದೆ” ಎಂದು ನನ್ನ ಹೆಂಡತಿ ನಗುತ್ತಾಳೆ.

ಕಳೆದ ವರ್ಷ ಜೂನ್‌ನಲ್ಲಿ ಮೊಮ್ಮಗಳು ಪುಟ್ಟಿ ಪಿಯುಸಿಗೆ ಸೇರಿದಳು. ತೆಗೆದುಕೊಂಡದ್ದು ಕಂಪ್ಯೂಟರ್ ಸೈನ್ಸ್. ಲ್ಯಾಪ್‌ಟಾಪ್ ಬೇಕೇ ಬೇಕು. ಬ್ಯಾಂಕಿನಲ್ಲಿದ್ದ ನನ್ನದೊಂದು ಠೇವಣಿ ಅದೇ ತಿಂಗಳು ಮುಗಿದಿತ್ತು. “ನಾನೇ ಕೊಡಿಸುತ್ತೇನೆ” ಎಂದೆ. ನಮ್ಮ ಸಾಗರದ ಅಂಗಡಿಗಿಂತ ಆನ್‌ಲೈನ್‌ನಲ್ಲಿ ಮೂರು ಸಾವಿರ ಕಡಿಮೆ ಎಂದು ಪುಟ್ಟಿ ಮೊಬೈಲ್ ಹಿಡಿದು ಬಂದಳು.

“ಗ್ಯಾರಂಟಿ ಉಂಟಾ?” ನನ್ನ ಮೊದಲ ಪ್ರಶ್ನೆ.

“ವಾರಂಟಿ ಅಜ್ಜಾ. ಒಂದು ವರ್ಷ ಅಂತ ಬರೆದಿದೆ ನೋಡು.”

ಹಿಂದೆ ಅಂಗಡಿಯವರು ಗ್ಯಾರಂಟಿ ಎಂದರೆ ಬದಲಿಸಿ ಕೊಡುವುದು, ವಾರಂಟಿ ಎಂದರೆ ರಿಪೇರಿ ಮಾಡಿ ಕೊಡುವುದು ಎಂದು ಹೇಳುತ್ತಿದ್ದರು. ಆದರೆ ಹೆಸರಿಗಿಂತ ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದದ್ದು ಮುಖ್ಯ. ನಾನು ಕನ್ನಡಕ ಹಾಕಿಕೊಂಡೆ, ಪುಟ್ಟಿ ಅಕ್ಷರ ದೊಡ್ಡದು ಮಾಡಿ ಓದಿದಳು.

ಒಂದೇ ಲ್ಯಾಪ್‌ಟಾಪನ್ನು ಆ ತಾಣದಲ್ಲಿ ಮೂವರು ಮಾರುತ್ತಿದ್ದರು. ಒಬ್ಬರದ್ದು ತಯಾರಕರದೇ ಒಂದು ವರ್ಷದ ವಾರಂಟಿ. ಇನ್ನೊಬ್ಬರದ್ದು ಬೆಲೆ ಕಡಿಮೆ, ಆದರೆ ‘ಸೆಲ್ಲರ್ ವಾರಂಟಿ, 6 ತಿಂಗಳು’ ಎಂದಿತ್ತು. ಅಂದರೆ ಕೆಟ್ಟರೆ ನೋಡಿಕೊಳ್ಳುವವನು ಮಾರಿದವನು, ಕಂಪನಿಯಲ್ಲ. ಅವನೇ ನಾಳೆ ಆ ತಾಣ ಬಿಟ್ಟು ಹೋದರೆ ಯಾರ ಬಾಗಿಲು ತಟ್ಟುವುದು? ಮೂರನೆಯದು ಎಲ್ಲಕ್ಕಿಂತ ಅಗ್ಗ. ಆದರೆ ಹೆಸರಿನ ಕೊನೆಯಲ್ಲಿ ‘ರಿಫರ್ಬಿಶ್ಡ್’ ಎಂಬ ಪದ. ಒಬ್ಬರು ಬಳಸಿದ್ದನ್ನೋ ವಾಪಸ್ ಬಂದದ್ದನ್ನೋ ಸರಿಮಾಡಿ ಮತ್ತೆ ಮಾರುವುದು ಎಂದು ಪುಟ್ಟಿಯೇ ವಿವರಿಸಿದಳು. ಅದೇನೂ ಮೋಸವಲ್ಲ, ಆದರೆ ಹೊಸದೆಂದು ತಿಳಿದು ಕೊಳ್ಳಬಾರದು.

ತಯಾರಕರ ವಾರಂಟಿಯಲ್ಲೂ ಎರಡು ಬಗೆ. ಒಂದರಲ್ಲಿ ರಿಪೇರಿಯವರು ಮನೆಗೇ ಬರುತ್ತಾರೆ. ಇನ್ನೊಂದರಲ್ಲಿ ನಾವೇ ಸರ್ವಿಸ್ ಸೆಂಟರಿಗೆ ಹೊತ್ತುಕೊಂಡು ಹೋಗಬೇಕು. ನಾವು ಆರಿಸಿದ್ದು ಎರಡನೆಯ ಬಗೆಯದು. ಸರ್ವಿಸ್ ಸೆಂಟರ್ ಇರುವುದು ಶಿವಮೊಗ್ಗದಲ್ಲಿ, ನಮ್ಮೂರಿಂದ ಸುಮಾರು 70 ಕಿಲೋಮೀಟರ್. ಹೋದರಾಯಿತು ಎಂದುಕೊಂಡೆವು. ಹಣ ಕಟ್ಟುವ ಹೊತ್ತಿಗೆ, ಬಿದ್ದರೆ, ನೀರು ಚೆಲ್ಲಿದರೆ ರಿಪೇರಿ ಮಾಡಿಕೊಡುವ ಬೇರೊಂದು ಯೋಜನೆಯನ್ನೂ ತೋರಿಸಿತು. ಅದಕ್ಕೆ ಪ್ರತ್ಯೇಕ ದುಡ್ಡು. “ನಮ್ಮ ಮನೆಯಲ್ಲಿ ಯಾರು ಬೀಳಿಸುತ್ತಾರೆ? ಬೇಡ” ಎಂದವನು ನಾನೇ. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಪೆಟ್ಟಿಗೆ ಬಂದ ದಿನ ಅದನ್ನು ಬಿಚ್ಚುವುದನ್ನು ಮೊದಲಿನಿಂದ ಕೊನೆಯವರೆಗೆ ಮೊಬೈಲಿನಲ್ಲಿ ವಿಡಿಯೋ ಮಾಡಿದೆವು. ಲ್ಯಾಪ್‌ಟಾಪಿನ ಅಡಿಯಲ್ಲಿರುವ ಸೀರಿಯಲ್ ನಂಬರ್, ಪೆಟ್ಟಿಗೆಯ ಮೇಲಿನ ನಂಬರ್ ಎರಡೂ ಒಂದೇ ಎಂದು ನೋಡಿದೆವು. ಬಿಲ್ಲು ಮಾತ್ರ ಪೆಟ್ಟಿಗೆಯಲ್ಲಿರಲಿಲ್ಲ, ಇ-ಮೇಲಿಗೆ ಬಂದಿತ್ತು. ಪೇಟೆಗೆ ಹೋಗಿ ಪ್ರಿಂಟ್ ತೆಗೆಸಿ ಡಬ್ಬಕ್ಕೆ ಹಾಕಿದೆ. “ಮೇಲ್‌ನಲ್ಲೇ ಇರುತ್ತಲ್ಲ ಅಜ್ಜಾ” ಎಂದು ಪುಟ್ಟಿ ನಕ್ಕಳು. ಇಷ್ಟೆಲ್ಲ ಮಾಡಿದರೂ ಒಂದು ಕೆಲಸ ಬಿಟ್ಟಿದ್ದೆವು. ಅದು ಗೊತ್ತಾದದ್ದು ಜನವರಿಯಲ್ಲಿ.

ಆ ತಿಂಗಳ ಮೂರನೇ ವಾರ ಪರದೆಯ ಮೇಲೆ ಅಡ್ಡಡ್ಡ ಗೆರೆಗಳು ಬಂದವು. ಕಂಪನಿಗೆ ಫೋನ್ ಮಾಡಿದರೆ, ಸೀರಿಯಲ್ ನಂಬರ್ ಕೇಳಿ, “ನಿಮ್ಮ ವಾರಂಟಿ ಮುಗಿದಿದೆ” ಎಂದರು. ಕೊಂಡು ಏಳು ತಿಂಗಳಾಗಿತ್ತು ಅಷ್ಟೆ! ಪುಟ್ಟಿ ಕಣ್ಣು ತುಂಬಿಕೊಂಡಳು. ವಿಚಾರಿಸಿದಾಗ ತಿಳಿಯಿತು: ಅವರ ದಾಖಲೆಯಲ್ಲಿ ವರ್ಷದ ಲೆಕ್ಕ ಶುರುವಾದದ್ದು ಲ್ಯಾಪ್‌ಟಾಪ್ ಕಾರ್ಖಾನೆಯಿಂದ ವ್ಯಾಪಾರಿಗೆ ಹೋದ ದಿನದಿಂದ. ಅದು ಗೋದಾಮಿನಲ್ಲಿ ಮಲಗಿದ್ದ ತಿಂಗಳುಗಳೂ ನಮ್ಮ ಲೆಕ್ಕಕ್ಕೆ ಸೇರಿದ್ದವು. ಕೊಂಡ ದಿನವೇ ಕಂಪನಿಯ ತಾಣದಲ್ಲಿ ಸೀರಿಯಲ್ ನಂಬರ್ ಹಾಕಿ ವಾರಂಟಿ ಎಂದು ಮುಗಿಯುತ್ತದೆಂದು ನೋಡಬೇಕಿತ್ತು. ನಾವು ಬಿಟ್ಟ ಕೆಲಸ ಅದೇ.

ಡಬ್ಬ ಇಳಿಯಿತು. ಬಿಲ್ಲಿನಲ್ಲಿ ಜೂನ್ ತಿಂಗಳ ತಾರೀಖು, ಮಾರಿದವರ ಹೆಸರು, ಜಿಎಸ್‌ಟಿ ನಂಬರ್, ಎಲ್ಲ ಇತ್ತು. ಪುಟ್ಟಿ ಫೋಟೋ ತೆಗೆದು ಕಳಿಸಿದಳು. ಎರಡು ದಿನದಲ್ಲಿ ತಾರೀಖು ತಿದ್ದಿದರು. ಶಿವಮೊಗ್ಗಕ್ಕೆ ಒಯ್ದೆವು, ಪರದೆಯನ್ನು ಪುಕ್ಕಟೆಯಾಗಿ ಬದಲಿಸಿಕೊಟ್ಟರು. ಕೊಡುವ ಮೊದಲು ಒಂದು ಅರ್ಜಿಗೆ ಸಹಿ ಕೇಳಿದರು. ಒಳಗಿನ ಫೈಲುಗಳು ಹೋದರೆ ಅವರು ಹೊಣೆಯಲ್ಲ ಎಂದು ಅದರಲ್ಲಿತ್ತು. ಪುಟ್ಟಿ ಹಿಂದಿನ ರಾತ್ರಿಯೇ ಎಲ್ಲವನ್ನೂ ಪೆನ್‌ಡ್ರೈವಿಗೆ ಹಾಕಿಕೊಂಡಿದ್ದಳು.

ಕಂಪನಿ ಒಪ್ಪದಿದ್ದರೆ? ಅದಕ್ಕೂ ದಾರಿಯಿದೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಆನ್‌ಲೈನ್ ತಾಣಗಳಲ್ಲಿ ದೂರು ಅಧಿಕಾರಿ ಇರಲೇಬೇಕು. ದೂರು ಬಂದ 48 ಗಂಟೆಯೊಳಗೆ ತಲುಪಿತೆಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. 2019ರ ಕಾಯ್ದೆ ಬಂದ ಮೇಲೆ ಮಾರಿದವನು ದಿಲ್ಲಿಯಲ್ಲಿದ್ದರೂ ನಾವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ಕೊಡಬೇಕು, ಅಷ್ಟೆ. ಎಲ್ಲಿಗೆ ಹೋದರೂ ಮೊದಲು ಕೇಳುವುದು ಬಿಲ್ಲು.

ಅಂದು ಮನೆಯಲ್ಲಿ ನನ್ನ ಡಬ್ಬಕ್ಕೆ ಬಂದ ಮರ್ಯಾದೆ ಕೇಳಬೇಡಿ! ಆದರೆ ಆ ಜಂಬ ಏಪ್ರಿಲ್‌ವರೆಗೆ ಮಾತ್ರ ಉಳಿಯಿತು.

ಒಂದು ಸಂಜೆ ಬೆಂಗಳೂರಿನ ಮಗನೊಂದಿಗೆ ಮಾತಾಡಲೆಂದು ಪುಟ್ಟಿಯ ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ. ಪಕ್ಕದಲ್ಲಿ ಕಷಾಯದ ಲೋಟ. ಮಾತಿನ ಭರದಲ್ಲಿ ಕೈ ಬೀಸಿದೆ. ಅರ್ಧ ಲೋಟ ಕಷಾಯ ಕೀಲಿಮಣೆಯ ಮೇಲೆ! ಪುಟ್ಟಿ ಓಡಿ ಬಂದು ಕೂಡಲೇ ಆಫ್ ಮಾಡಿ, ಚಾರ್ಜರ್ ಕಿತ್ತು, ತಲೆಕೆಳಗೆ ಮಾಡಿ ಬಟ್ಟೆಯ ಮೇಲಿಟ್ಟಳು. “ಮತ್ತೆ ಆನ್ ಮಾಡಬೇಡ ಅಜ್ಜಾ” ಎಂದಳು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಮರುದಿನ ಶಿವಮೊಗ್ಗದ ಬಸ್ಸಿನಲ್ಲಿ ಅವಳು ಮೆಲ್ಲಗೆ ಹೇಳಿದಳು: “ಅಜ್ಜಾ, ವಾರಂಟಿ ಜೂನ್‌ವರೆಗೆ ಇದೆ. ತಾನೇ ನಿಂತುಹೋಯಿತು ಅಂತ ಹೇಳೋಣವಾ? ನಿನ್ನ ದುಡ್ಡು ಉಳಿಯುತ್ತೆ.”

ನಾನು ಕೂಡಲೇ “ಛೆ, ತಪ್ಪು” ಎನ್ನಲಿಲ್ಲ. ನಿಜ ಹೇಳುತ್ತೇನೆ, ಆನಂದಪುರ ದಾಟುವವರೆಗೂ ನಾನೂ ಅದನ್ನೇ ಯೋಚಿಸುತ್ತಿದ್ದೆ. ವಾರಂಟಿ ಇರುವುದು ತಯಾರಿಕೆಯ ದೋಷಕ್ಕೆ. ನಮ್ಮ ಕೈತಪ್ಪಿಗಲ್ಲ. ಜನವರಿಯಲ್ಲಿ ತಾರೀಖಿನ ಬಗ್ಗೆ ಅವರ ಲೆಕ್ಕ ತಪ್ಪೆಂದು ಬಿಲ್ಲು ತೋರಿಸಿ ಗೆದ್ದವರು ನಾವು. ಈಗ ನಮ್ಮ ತಪ್ಪನ್ನು ಅವರ ಲೆಕ್ಕಕ್ಕೆ ಬರೆಯಬಹುದೇ? ಅದಕ್ಕೂ ಹೆಚ್ಚಾಗಿ, ಪಕ್ಕದಲ್ಲಿ ಕೂತವಳು ನನ್ನ ಮುಖವನ್ನೇ ನೋಡುತ್ತಿದ್ದಳು.

ಸರ್ವಿಸ್ ಸೆಂಟರಿನ ಹುಡುಗ ಕೇಳಿದ, “ನೀರು ಗೀರು ಏನಾದರೂ ಬಿದ್ದಿತ್ತಾ ಸಾರ್?”

“ಕಷಾಯ ಬಿತ್ತಪ್ಪಾ. ಚೆಲ್ಲಿದ್ದು ನಾನೇ” ಎಂದೆ.

ಅವನು ನಕ್ಕ. “ಹೇಳಿದ್ದು ಒಳ್ಳೆಯದಾಯಿತು. ಈಗಲೇ ಬಿಚ್ಚಿ ತೊಳೆದರೆ ಮದರ್‌ಬೋರ್ಡ್ ಉಳಿಯಬಹುದು. ಹೇಳದೆ ಹೋಗಿದ್ದರೆ ಬೇರೆ ಕಡೆ ಹುಡುಕುತ್ತಾ ಕೂರುತ್ತಿದ್ದೆವು, ಅಷ್ಟರಲ್ಲಿ ತುಕ್ಕು ಹಿಡಿಯುತ್ತಿತ್ತು.” ಕೆಲವು ಲ್ಯಾಪ್‌ಟಾಪ್‌ಗಳ ಒಳಗೆ ತೇವ ತಾಗಿದರೆ ಬಣ್ಣ ಬದಲಿಸುವ ಪುಟ್ಟ ಸ್ಟಿಕ್ಕರ್ ಇರುತ್ತದೆ, ಸುಳ್ಳು ಹೇಳಿದರೂ ಗೊತ್ತಾಗುತ್ತದೆ ಎಂದೂ ಹೇಳಿದ. ಪುಟ್ಟಿಯೂ ನಾನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ನಾನು ಬೇಡವೆಂದ ಯೋಜನೆ ಇದ್ದಿದ್ದರೆ ಈ ರಿಪೇರಿ ಅದರಲ್ಲಿ ಆಗುತ್ತಿತ್ತು. ಬರೀ ವಾರಂಟಿಯ ಅವಧಿ ಹೆಚ್ಚಿಸಿಕೊಳ್ಳುವುದೇ ಬೇರೆ, ಆಕಸ್ಮಿಕ ಹಾನಿಯ ರಕ್ಷಣೆಯೇ ಬೇರೆ ಎಂಬುದೂ ಅಂದು ಅರ್ಥವಾಯಿತು. ಮೊದಲನೆಯದರಲ್ಲಿ ಕಾಲ ಹೆಚ್ಚುತ್ತದೆ, ಕಷಾಯ ಸೇರುವುದಿಲ್ಲ. ಮಕ್ಕಳಿರುವ ಮನೆಗೆ ಅದು ಬೇಕೋ ಬೇಡವೋ ಎಂದು ಕೊಳ್ಳುವಾಗಲೇ ಯೋಚಿಸಿ. ಅಜ್ಜಂದಿರಿರುವ ಮನೆಯಾದರೂ ಅಷ್ಟೇ.

ಕೀಲಿಮಣೆ ಬದಲಿಸಿದ್ದಕ್ಕೆ, ಒಳಗೆ ಶುಚಿ ಮಾಡಿದ್ದಕ್ಕೆ ಸೇರಿ 5,800 ರೂಪಾಯಿ ಆಯಿತು. ಕೊಟ್ಟೆ. ಮದರ್‌ಬೋರ್ಡ್ ಉಳಿಯಿತು.

ವಾಪಸ್ ಬರುವಾಗ ಪುಟ್ಟಿ ಹೊಸ ಬಿಲ್ಲನ್ನು ತಿರುಗಿಸಿ ಮುರುಗಿಸಿ ಓದುತ್ತಿದ್ದಳು. “ಅಜ್ಜಾ, ಹೊಸ ಕೀಲಿಮಣೆಗೆ ಮೂರು ತಿಂಗಳು ವಾರಂಟಿ ಅಂತೆ!” ಮನೆಗೆ ಬಂದವಳೇ ಸ್ಟೂಲ್ ಹತ್ತಿ, ಯಾರೂ ಹೇಳದಿದ್ದರೂ ಆ ಬಿಲ್ಲನ್ನು ಬಿಸ್ಕತ್ ಡಬ್ಬಕ್ಕೆ ಹಾಕಿದಳು. ಅಂದಿನಿಂದ ನನ್ನ ಕಷಾಯದ ಲೋಟಕ್ಕೆ ಕಿಟಕಿಯ ಕಟ್ಟೆಯ ಮೇಲೆ ಜಾಗ ಗೊತ್ತು ಮಾಡಿದ್ದಾಳೆ.