ಧಾರವಾಡದ ಮಳೆಯೂ ರೊಟ್ಟಿಯ ಡಬ್ಬಿಯೂ

ಪ್ರತಿವರ್ಷ ಪಿಯುಸಿ ಫಲಿತಾಂಶ ಬಂದ ಮೇಲೆ ನಮ್ಮ ಮನೆಯ ಕಟ್ಟೆಗೆ ನಾಲ್ಕಾರು ಪಾಲಕರು ಬರುವುದುಂಟು. ಮಕ್ಕಳನ್ನು ಎಲ್ಲಿ ಸೇರಿಸಬೇಕೆಂಬುದನ್ನು ಅವರು ಆಗಲೇ ನಿರ್ಧರಿಸಿರುತ್ತಾರೆ. ಅವರ ಪ್ರಶ್ನೆಯೇ ಬೇರೆ. "ಮಾಸ್ತರ, ಹುಡುಗನ್ನ ಧಾರವಾಡಕ್ಕ ಹಾಸ್ಟೆಲಿಗೆ ಬಿಡಾಕ ಹೊಂಟೀವಿ. ಏನೇನು ಕಟ್ಟಿಕೊಡಬೇಕ್ರಿ?"

ವಿಜಯಪುರ ಜಿಲ್ಲೆಯ ನಮ್ಮಂಥ ಹಳ್ಳಿಗಳಿಗೆ ಧಾರವಾಡವೆಂದರೆ ಓದಿನ ಊರು. 1917ರಲ್ಲಿ ಕರ್ನಾಟಕ ಕಾಲೇಜು ಆರಂಭವಾದಾಗಿನಿಂದ ಈ ಕಡೆಯ ಹುಡುಗರು ಟ್ರಂಕು ಹೊತ್ತು ಅಲ್ಲಿಗೆ ಹೋಗುತ್ತಲೇ ಇದ್ದಾರೆ. 1987ರಲ್ಲಿ ನಾನೂ ಹೋದೆ. 2024ರ ಜುಲೈಯಲ್ಲಿ ಮಗಳನ್ನು ಬಿಟ್ಟು ಬಂದೆ.

ಕಟ್ಟೆಗೆ ಬಂದವರಿಗೆ ನಾನು ಮೊದಲು ಹೇಳುವುದು ಅಲ್ಲಿಯ ಗಾಳಿಯ ವಿಚಾರ. ನಮ್ಮ ಊರಿನಿಂದ ಧಾರವಾಡಕ್ಕೆ ಸುಮಾರು 200 ಕಿ.ಮೀ. ಬಸ್ಸು ಕೊಲ್ಹಾರದಲ್ಲಿ ಕೃಷ್ಣೆಯನ್ನು ದಾಟುತ್ತದೆ. ಅಲ್ಲಿ ಸಣ್ಣ ಗಡಿಗೆಯಲ್ಲಿ ಹೆಪ್ಪುಹಾಕಿದ ಗಟ್ಟಿ ಮೊಸರು ಸಿಗುತ್ತದೆ, ತಿನ್ನದೆ ಮುಂದೆ ಹೋಗಬಾರದು. ಕೊಣ್ಣೂರಿನಲ್ಲಿ ಮಲಪ್ರಭೆ, ಆಮೇಲೆ ನರಗುಂದ, ನವಲಗುಂದದ ಎರೆಹೊಲಗಳು. ಅಲ್ಲಿಯವರೆಗೂ ಆಕಾಶ ನಮ್ಮದೇ. ಹುಬ್ಬಳ್ಳಿ ದಾಟುತ್ತಿದ್ದಂತೆ ಕಿಟಕಿಯ ಗಾಜಿನ ಮೇಲೆ ಹನಿ ಕೂಡಲು ಶುರುವಾಗುತ್ತದೆ. ಧಾರವಾಡದ ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ ಜಿಟಿಜಿಟಿ ಮಳೆ, ಕಾಲಡಿ ಕೆಂಪು ರಾಡಿ.

ಕಾರಣ ಸರಳ. ಅರಬ್ಬೀ ಸಮುದ್ರದಿಂದ ಬರುವ ಮೋಡಗಳು ಸಹ್ಯಾದ್ರಿಯನ್ನು ಏರುವಾಗ ತಣ್ಣಗಾಗಿ ಬಹುಪಾಲು ನೀರನ್ನು ಅಲ್ಲಿಯೇ ಸುರಿಸುತ್ತವೆ. ಮಲೆನಾಡಿನ ಸೆರಗಿನಲ್ಲಿರುವ ಧಾರವಾಡಕ್ಕೆ ಅದರಲ್ಲಿ ಒಂದಿಷ್ಟು ಪಾಲು ಸಿಗುತ್ತದೆ. ಇನ್ನೂ ಮೂಡಲಿಗೆ ಮಳೆಯ ನೆರಳಿನಲ್ಲಿರುವ ನಮಗೆ ದಕ್ಕುವುದು ಬರೀ ಗಾಳಿ. ಇದನ್ನು ನಾನೇ ಎಂಟನೆಯ ತರಗತಿಯಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ಆದರೆ 1987ರ ಜುಲೈಯಲ್ಲಿ ಟ್ರಂಕು ತುಂಬುವಾಗ ಅದು ನೆನಪಾಗಲಿಲ್ಲ.

ನಮ್ಮ ಕಡೆ ಕಡಕ್ ರೊಟ್ಟಿಯನ್ನು ಅರಿವೆಯಲ್ಲಿ ಸುತ್ತಿಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಬೂಷ್ಟು ಬೆಳೆಯಲು ನೀರು ಬೇಕು, ಒಣಗಿದ ರೊಟ್ಟಿಯಲ್ಲಿ ಅದು ಇರುವುದಿಲ್ಲ, ನಮ್ಮ ಗಾಳಿಯಲ್ಲಿಯೂ ಅಷ್ಟಾಗಿ ಇರುವುದಿಲ್ಲ. ನಾನು ಹೊರಡುವ ಮುನ್ನ ಅವ್ವ ಮತ್ತು ಅತ್ತಿ ಎರಡು ದಿನ ಒಲೆಯ ಮುಂದೆ ಕೂತು ನೂರಿಪ್ಪತ್ತು ರೊಟ್ಟಿ ಬಡಿದರು. ಅಪ್ಪನ ಹಳೆಯ ಧೋತರದಲ್ಲಿ ಕಟ್ಟಿ, ತಗಡಿನ ಟ್ರಂಕಿನಲ್ಲಿ ಅಂಗಿಗಳ ಪಕ್ಕಕ್ಕೆ ಇಟ್ಟರು. ಧಾರವಾಡದಲ್ಲಿ ಐದನೆಯ ದಿನಕ್ಕೆ ರೊಟ್ಟಿ ಮುರಿದರೆ ಸದ್ದು ಬರಲಿಲ್ಲ. ಗಾಳಿಯ ತೇವವನ್ನು ಹೀರಿಕೊಂಡು ಮೆತ್ತಗಾಗಿದ್ದವು. ಹನ್ನೆರಡನೆಯ ದಿನ ಹಸಿರು ಬೂಷ್ಟು. ರಾತ್ರಿ ಯಾರೂ ನೋಡದಂತೆ ಹೊತ್ತೊಯ್ದು ಹಾಸ್ಟೆಲಿನ ಹಿಂದಿನ ತಿಪ್ಪೆಗೆ ಸುರುವಿದೆ. ಊರಿಗೆ ಇನ್‌ಲ್ಯಾಂಡ್ ಪತ್ರ ಬರೆದೆ: "ಅವ್ವಾ, ರೊಟ್ಟಿ ಎಲ್ಲ ಮುಗಿದವು. ಗೆಳೆಯರೂ ತಿಂದರು. ಬಹಳ ರುಚಿಯಾಗಿದ್ದವು."

ಈ ಸುಳ್ಳಿನ ಪರಿಣಾಮ ಏನಾಗಬಹುದೆಂದು ನಾನು ಯೋಚಿಸಿರಲಿಲ್ಲ. ಮುಂದಿನ ವಾರವೇ ಅಪ್ಪ ಹೊಲದ ಕೆಲಸ ಬಿಟ್ಟು, ಇನ್ನೊಂದು ಗಂಟು ರೊಟ್ಟಿ ಹೆಗಲ ಮೇಲೆ ಹೊತ್ತು ಬಂದುಬಿಟ್ಟ! ಛತ್ರಿ ಇರಲಿಲ್ಲ, ತಲೆಯ ಮೇಲೆ ಕಂಬಳಿಯ ಕೊಪ್ಪೆ. ಗಂಟನ್ನು ಇಡಲು ಟ್ರಂಕು ತೆರೆದವನಿಗೆ ಆ ಧೋತರ ಕಾಣಿಸಿತು. ಬೂಷ್ಟಿನ ಕಲೆ ಹೋಗಿರಲಿಲ್ಲ, ವಾಸನೆಯೂ ಇತ್ತು. ನನ್ನ ಮುಖ ನೋಡಲಿಲ್ಲ. "ಇಲ್ಲಿ ಹವಾ ಹಸಿ ಐತಲ್ಲೋ" ಎಂದಷ್ಟೇ ಅಂದು ಮಳೆಯಲ್ಲಿಯೇ ಪೇಟೆಗೆ ಹೋದ. ತಾಸಿನ ಮೇಲೆ, ಬಿಗಿ ಮುಚ್ಚಳದ ಖಾಲಿ ಡಾಲ್ಡಾ ಡಬ್ಬಿಯೊಂದನ್ನು ತಂದ. ಅದರಲ್ಲಿ ಹಿಡಿಸುವಷ್ಟು ರೊಟ್ಟಿಯನ್ನು ಮುರಿದು ತುಂಬಿದ. ಉಳಿದದ್ದನ್ನು ಕೋಣೆಕೋಣೆಗೆ ತಾನೇ ಹೋಗಿ ಹುಡುಗರಿಗೆ ಹಂಚಿದ. ಹೀಗೆ ನನ್ನ ಪತ್ರದಲ್ಲಿದ್ದ ಸುಳ್ಳು ಒಂದು ದಿನದ ಮಟ್ಟಿಗೆ ನಿಜವಾಯಿತು. ಊರಿಗೆ ಹೋಗಿ ಅವ್ವನಿಗೆ ಅಪ್ಪ ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಅವ್ವ ತೀರಿಕೊಂಡು ಒಂಬತ್ತು ವರ್ಷವಾಯಿತು.

ಆದ್ದರಿಂದ ಕೇಳಿದವರಿಗೆಲ್ಲ ಹೇಳುತ್ತೇನೆ: ರೊಟ್ಟಿ ಕಟ್ಟಿರಿ, ಆದರೆ ಎಂಟು ದಿನಕ್ಕಾಗುವಷ್ಟೇ ಕಟ್ಟಿರಿ. ಬಿಗಿ ಮುಚ್ಚಳದ ಎರಡು ಸಣ್ಣ ಸ್ಟೀಲ್ ಡಬ್ಬಿಗಳು ಒಂದು ದೊಡ್ಡ ಡಬ್ಬಿಗಿಂತ ಲೇಸು, ಒಂದನ್ನು ತೆರೆದಾಗ ಇನ್ನೊಂದು ಮುಚ್ಚಿಯೇ ಇರುತ್ತದೆ. ಶೇಂಗಾ ಚಟ್ನಿಗೂ ಇದೇ ಮಾತು. ಅದರಲ್ಲಿ ಎಣ್ಣೆಯಂಶ ಹೆಚ್ಚು, ಗಾಳಿ ತಗುಲುತ್ತ ಹೋದರೆ ಕಮಟು ಬರುತ್ತದೆ. ಹಸಿ ಚಮಚ ಅದ್ದುವ ರೂಮ್‌ಮೇಟ್‌ನಿಂದಲೂ ಕಾಪಾಡಬೇಕು!

ಬಟ್ಟೆಯದೂ ಗಾಳಿಯ ಲೆಕ್ಕವೇ. ಗಾಳಿಯಲ್ಲಿ ಆಗಲೇ ತೇವ ತುಂಬಿರುವಾಗ ಬಟ್ಟೆಯ ನೀರು ಆವಿಯಾಗುವುದು ನಿಧಾನ. ದಪ್ಪ ಜೀನ್ಸ್ ಮೂರು ದಿನವಾದರೂ ಒಣಗುವುದಿಲ್ಲ. ದಪ್ಪನೆಯ ಟರ್ಕಿಶ್ ಟಾವೆಲ್ ಬೇಡ, ತೆಳುವಾದವು ಎರಡಿರಲಿ. ಹತ್ತು ಮೊಳ ನೈಲಾನ್ ಹಗ್ಗ, ಒಂದು ಡಜನ್ ಕ್ಲಿಪ್ಪು ಮರೆಯಬೇಡಿ. ಬಟ್ಟೆಗಳನ್ನು ಒಂದರ ಮೇಲೊಂದು ಹಾಕದೆ, ನಡುವೆ ಜಾಗ ಬಿಟ್ಟು ಫ್ಯಾನಿನ ಕೆಳಗೆ ಕಟ್ಟಿದರೆ, ಬಟ್ಟೆಯ ಸುತ್ತ ನಿಂತ ತೇವದ ಗಾಳಿ ಸರಿದು ಬೇಗ ಒಣಗುತ್ತವೆ. ಚರ್ಮದ ಚಪ್ಪಲಿ ದೀಪಾವಳಿಯವರೆಗೆ ಮನೆಯಲ್ಲಿಯೇ ಇರಲಿ. ತಗಡಿನ ಟ್ರಂಕನ್ನು ಈಗ ಯಾರೂ ಒಯ್ಯುವುದಿಲ್ಲ, ಒಯ್ದರೆ ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿ. ನನ್ನ ಬಿಳಿ ಅಂಗಿಗೆ ಹತ್ತಿದ ತುಕ್ಕಿನ ಕಲೆಯನ್ನು ನಿಂಬೆಹಣ್ಣು, ಉಪ್ಪು ಹಚ್ಚಿ ಬಿಸಿಲಿಗೆ ಇಟ್ಟು ತೆಗೆಯಬೇಕಾಯಿತು. ಆ ಬಿಸಿಲಿಗಾಗಿ ಹದಿನೈದು ದಿನ ಕಾದೆ.

ನೀರು ಕಾಯಿಸುವ ಕಾಯಿಲ್ ಮಾತ್ರ ಕದ್ದುಮುಚ್ಚಿಯೂ ಕಳಿಸಬೇಡಿ. 1500 ವ್ಯಾಟಿನ ಕಾಯಿಲ್ ಸುಮಾರು ಆರೂವರೆ ಆಂಪಿಯರ್ ವಿದ್ಯುತ್ತನ್ನು ಎಳೆಯುತ್ತದೆ. ಕೋಣೆಯ ಸಣ್ಣ ಪ್ಲಗ್ಗು ಸಾಮಾನ್ಯವಾಗಿ ಐದಾರು ಆಂಪಿಯರಿನದು. ವೈರು ಬಿಸಿಯಾಗುತ್ತದೆ. ಹಸಿ ಕೈಯಲ್ಲಿ ಬಕೆಟ್ಟು ಮುಟ್ಟುವ ಮಕ್ಕಳ ಗತಿ ಏನು? ತಣ್ಣೀರು ಸ್ನಾನದಿಂದ ಯಾರೂ ಸತ್ತಿಲ್ಲ.

ಇಷ್ಟೆಲ್ಲ ತಿಳಿದ ಮಾಸ್ತರನ ಮನೆಯಲ್ಲಿ ನಡೆದದ್ದು ಕೇಳಿ. ಮಗಳು ಹೊರಡುವ ಹಿಂದಿನ ದಿನ ನನ್ನಾಕೆ ಒಲೆಯ ಮುಂದೆ ಕೂತಳು. "ಅವ್ವಾ, ಅಲ್ಲಿ ಖಾನಾವಳಿಯೊಳಗ ಬೇಕಾದಷ್ಟು ರೊಟ್ಟಿ ಸಿಗತಾವ" ಎಂದು ಮಗಳು ಹೇಳಿದರೂ ಕೇಳಲಿಲ್ಲ. ನಾನು ಆರ್ದ್ರತೆಯ ಪಾಠ ಮಾಡಿದೆ. "ನಿಮ್ಮ ಅವ್ವ ನೂರಿಪ್ಪತ್ತು ಕಟ್ಟಿದ್ದರಂತ. ನಾ ಐವತ್ತು ಕಟ್ಟಿದರ ಹೆಚ್ಚಾತೇನ್ರಿ?" ಎಂದಳು. ಅವ್ವನೇ ಆಕೆಗೆ ಎಷ್ಟೋ ಸಲ ಹೇಳಿದ್ದಳಂತೆ, ಮಗ ಒಂದನ್ನೂ ಬಿಡದೆ ತಿಂದ ಎಂದು. ಆಗ, ಮೂವತ್ತೇಳು ವರ್ಷಗಳ ಮೇಲೆ, ನಡೆದದ್ದನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದೆ. ಆಕೆ ಒಲೆಯ ಉರಿ ಸಣ್ಣಗೆ ಮಾಡಿ ಸುಮ್ಮನೆ ಕೂತಳು. ಮಗಳು ಮಾತ್ರ, "ಪಪ್ಪಾ, ಆಯಿಗೆ ಒಂದು ಮಾತು ಹೇಳಬೇಕಿತ್ತು" ಎಂದಳು. ಕೊನೆಗೆ ಮೂವತ್ತು ರೊಟ್ಟಿಗೆ ರಾಜಿಯಾಯಿತು.

ಕೌದಿಯ ವಿಷಯದಲ್ಲಿ ನಾನು ಪೂರ್ತಿ ಸೋತೆ. ಅದು ತೊಯ್ದರೆ ವಾರವಾದರೂ ಒಣಗದು, ನವಲಗುಂದದ ಒಂದು ಜಮಖಾನ, ತೆಳುವಾದ ಬ್ಲಾಂಕೆಟ್ ಸಾಕು ಎಂದೆ. ಅವ್ವನ ಹಳೆಯ ಸೀರೆಗಳಿಂದ ಹೊಲಿದ ಕೌದಿ ಅದು. ರೊಟ್ಟಿ ಬೇಡವೆಂದ ಮಗಳೇ ಅದನ್ನು ಕೆಳಗಿಡಲಿಲ್ಲ. ಇರಲಿ.

ಬಸ್ಸಿನಲ್ಲಿ ಇನ್ನೊಂದು ಪಾಠವಾಯಿತು. ಶಕ್ತಿ ಯೋಜನೆಯಡಿ ಹೆಣ್ಣುಮಕ್ಕಳಿಗೆ ಟಿಕೀಟಿನ ದುಡ್ಡಿಲ್ಲ, ಗುರುತಿನ ಚೀಟಿ ತೋರಿಸಬೇಕು. ಮಗಳ ಆಧಾರ್ ಕಾರ್ಡು ಸೂಟ್‌ಕೇಸಿನ ತಳದಲ್ಲಿ, ಅದರ ಮೇಲೆ ಕೌದಿ! ಕಂಡಕ್ಟರ್ ಸಮಾಧಾನದ ಮನುಷ್ಯ, ಮೊಣಕಾಲ ಮೇಲೆ ಸೂಟ್‌ಕೇಸು ಬಿಚ್ಚುವವರೆಗೂ ನಿಂತ. ಗುರುತಿನ ಚೀಟಿ, ಅಂಕಪಟ್ಟಿ, ಪ್ರವೇಶದ ರಸೀದಿ, ನಾಲ್ಕು ಫೋಟೋ, ಎಲ್ಲದರ ಝೆರಾಕ್ಸ್ ಪ್ರತಿ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ, ಕೈಗೆ ಸಿಗುವಂತೆ ಹೆಗಲಚೀಲದಲ್ಲಿಯೇ ಇರಬೇಕು.

ಒಂಬತ್ತನೆಯ ದಿನ ಮಗಳ ಫೋನು ಬಂತು. ನನಗಲ್ಲ, ತಾಯಿಗೆ. "ಅವ್ವಾ, ಕೆಳಗಿನ ಡಬ್ಬಿಯೊಳಗಿನ ಆರು ರೊಟ್ಟಿ ಮೆತ್ತಗಾದವು. ಮುಚ್ಚಳ ಸರಿಯಾಗಿ ಕೂಡವಲ್ದು." ಮುಂದಿನ ಸಂತೆಯಲ್ಲಿ ನನ್ನಾಕೆ ಬೇರೆ ಡಬ್ಬಿ ಕೊಂಡಳು. ಅಂಗಡಿಯವನ ಮುಂದೆಯೇ ನೀರು ತುಂಬಿ, ಮುಚ್ಚಳ ಹಾಕಿ, ತಲೆಕೆಳಗೆ ಹಿಡಿದು ನೋಡಿದಳು.

ಅಪ್ಪ ತಂದ ಡಾಲ್ಡಾ ಡಬ್ಬಿ ಇನ್ನೂ ನಮ್ಮ ಅಟ್ಟದ ಮೇಲಿದೆ. ತಳ ತುಕ್ಕು ಹಿಡಿದಿದೆ. ಈಗ ಅದರಲ್ಲಿ ಹೀರೇಕಾಯಿಯ ಬೀಜ ಇಡುತ್ತೇವೆ.